ಎಡದಿಂದ ಓದಿದರೆ ಸೇನಾಪತಿ

ಗೈಡಿನ ಕೈಯಲ್ಲಿ ಬಾವುಟ ಇರಬೇಕೋ ಬೇಡವೋ ಎಂಬುದು ಸಣ್ಣ ವಿಷಯವೆಂದು ತಿಳಿದವರು ಶಾನ್‌ಶಿ ಪ್ರಾಂತ್ಯದಲ್ಲಿ ಒಂದು ದಿನವೂ ಬಾಳಿದವರಲ್ಲ. ಮನುಷ್ಯಕುಲವನ್ನು ಪಂಡಿತರು, ಪಾಮರರು, ಉಳ್ಳವರು, ಇಲ್ಲದವರು ಎಂದೆಲ್ಲ ವಿಂಗಡಿಸಿ ದಪ್ಪ ದಪ್ಪ ಗ್ರಂಥಗಳು ಬಂದಿವೆ. ನಮ್ಮ ಕಡೆಯ ಗೈಡುಗಳನ್ನು ಕೇಳಿದರೆ ಇರುವುದು ಎರಡೇ ವರ್ಗ. ಹಳದಿ ಬಾವುಟ ಎತ್ತಿ ಹಿಡಿದು, ಸೊಂಟಕ್ಕೆ ಮೈಕು ಕಟ್ಟಿಕೊಂಡು, ಕೆಂಪು ಟೋಪಿಯ ನಲವತ್ತು ಮಂದಿ ನಿವೃತ್ತರನ್ನು ಕೋಟೆ ಪಟ್ಟಣದ ಬೀದಿಗಳಲ್ಲಿ ಬಾತುಕೋಳಿಗಳ ಹಾಗೆ ನಡೆಸುವವರು ಒಂದು ವರ್ಗ. ಬಾವುಟವಿಲ್ಲದೆ, ಒಬ್ಬರನ್ನೋ ಇಬ್ಬರನ್ನೋ ಸ್ವಂತ ಕಾರಿನಲ್ಲಿ ಕೂರಿಸಿಕೊಂಡು, ಜನ ಹೋಗದ ಹಳೆಯ ಗುಡಿಗಳಿಗೆ ಕರೆದೊಯ್ದು ಮೆಲುದನಿಯಲ್ಲಿ ವಿವರಿಸುವವರು ಇನ್ನೊಂದು. ಮೊದಲನೆಯವರು ಎರಡನೆಯವರಾಗಲು ಹತ್ತು ವರ್ಷ ಬೇಕು. ಎರಡನೆಯವರು ಮೊದಲನೆಯವರಾಗಲು ಮೂರು ದೂರು ಸಾಕು.

ನಿಯೂ ಬಾವ್‌ತಿಯೆನ್ ಎಂಬ ಐವತ್ತೆರಡರ ಗೈಡಿನ ಮೇಲೆ ಆಗಲೇ ಎರಡು ದೂರು ಬಂದಿದ್ದವು.

ನಿಯೂ ಎಂಬುದು ಮನೆತನದ ಹೆಸರು, ಬಾವ್‌ತಿಯೆನ್ ಎಂಬುದು ತಂದೆ ಇಟ್ಟ ಹೆಸರು. ಮನೆತನ ಮುಂದೆ, ಮನುಷ್ಯ ಹಿಂದೆ, ಇದು ನಮ್ಮಲ್ಲಿ ಕ್ರಮ. ಓದುಗರು ಈ ಕ್ರಮವನ್ನು ದಯವಿಟ್ಟು ನೆನಪಿಡಬೇಕು, ಏಕೆಂದರೆ ಇದೇ ಕಾರಣಕ್ಕೆ ಎರಡು ಊರುಗಳು ಜಗಳಕ್ಕೆ ತೋಳೇರಿಸಿದವು. ನಿಯೂ ಎಂದರೆ ಎತ್ತು ಎಂದೂ ಅರ್ಥ. ಬಡಾಯಿ ಕೊಚ್ಚುವುದಕ್ಕೆ ನಮ್ಮ ಜನ ‘ಎತ್ತು ಊದುವುದು’ ಎನ್ನುತ್ತಾರೆ. ಹೀಗಾಗಿ ಪ್ರವಾಸ ಕಚೇರಿಯಲ್ಲಿ ಸಂಜೆಯಾದರೆ ಎತ್ತು ಇವತ್ತು ಎಷ್ಟು ಊದಿಕೊಂಡಿತು ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು ವಾಡಿಕೆಯಾಗಿತ್ತು.

ಮೊದಲ ದೂರು ಒಂದು ದೇವದಾರು ಮರದ ಬಗ್ಗೆ. ನಿಯೂ ಅದಕ್ಕೆ ಎಂಟುನೂರು ವರ್ಷ ಎಂದಿದ್ದ. ಮರದ ಹಿಂಭಾಗದಲ್ಲಿ ಅರಣ್ಯ ಇಲಾಖೆಯವರು ಅದನ್ನು ನೆಟ್ಟ ದಿನಾಂಕದ ತಗಡು ಹೊಡೆದಿದ್ದರು. ನಿಯೂಗಿಂತ ಮರ ಆರು ವರ್ಷ ಚಿಕ್ಕದು. ಎರಡನೆಯದು ಒಂದು ಗುಡಿಯ ಅಂಗಳದ ಕಬ್ಬಿಣದ ಕೊಪ್ಪರಿಗೆಯ ಬಗ್ಗೆ. ಅದರಲ್ಲಿ ಸಾವಿರ ಸನ್ಯಾಸಿಗಳಿಗೆ ಗಂಜಿ ಬೇಯುತ್ತಿತ್ತೆಂದು ನಿಯೂ ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ್ದ. ಬಣ್ಣನೆ ಮುಗಿದ ಮೇಲೆ ಅತಿಥಿಗಳು ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದು, ಆ ಬದಿಯಲ್ಲಿ ‘ಬೆಂಕಿ ನಂದಿಸುವ ನೀರು’ ಎಂದು ಬರೆದಿದ್ದುದನ್ನು ಓದಿಕೊಂಡರು.

ಕಚೇರಿಯ ಮ್ಯಾನೇಜರ್ ಗೆಂಗ್ ಎಂಬಾಕೆ ನಿಯೂಗಿಂತ ಹದಿನೈದು ವರ್ಷ ಕಿರಿಯಳು, ಆದರೆ ಇಂಥ ಸಂದರ್ಭಗಳಲ್ಲಿ ಅವನ ಸೋದರತ್ತೆಯ ಹಾಗೆ ಕಾಣುತ್ತಿದ್ದಳು. ಅವಳು ಅವನನ್ನು ಕರೆದು ಕೂರಿಸಿ, ಶುಕ್ರವಾರ ಸೂಚೌ ಕಡೆಯಿಂದ ಚ್ವಾಂಗ್ ಎಂಬ ನಿವೃತ್ತ ಟೀಚರ್ ಒಬ್ಬರು ಬರುತ್ತಾರೆ, ಒಬ್ಬರೇ, ನಡುವಿನ ಗುಡಿ ನೋಡಬೇಕಂತೆ, ಹಿಂತಿರುಗಿದ ಮೇಲೆ ಅವರು ಬರೆದುಕೊಡುವ ಕಾಗದವೇ ಕೊನೆಯ ಮಾತು ಎಂದಳು. ಕಾಗದ ಕೆಟ್ಟದಾಗಿದ್ದರೆ ಸೋಮವಾರದಿಂದ ಬಾವುಟ. ಬಾವುಟ ಮೂಲೆಯಲ್ಲೇ ಒರಗಿಸಿ ನಿಲ್ಲಿಸಿತ್ತು. ನಿಯೂ ಆ ಕಡೆ ನೋಡಲಿಲ್ಲ.

"ನಿಯೂ ಅಣ್ಣ, ‘ಗೊತ್ತಿಲ್ಲ’ ಅನ್ನೋದಕ್ಕೆ ಮೂರೇ ಅಕ್ಷರ. ಒಂದ್ಸಲ ಅಂದು ನೋಡಿ. ಯಾರೂ ಸಾಯಲ್ಲ," ಎಂದಳು ಗೆಂಗ್.

ನಿಯೂ ಆ ಮೂರು ಅಕ್ಷರ ತನಗೆ ಚೆನ್ನಾಗಿ ಗೊತ್ತಿದೆ ಎಂದ.

ಶುಕ್ರವಾರ ಬೆಳಗ್ಗೆ ಆರೂವರೆಗೆ ಟೀಚರ್ ಹೋಟೆಲಿನ ಬಾಗಿಲಲ್ಲಿ ಸಿದ್ಧವಾಗಿ ನಿಂತಿದ್ದರು. ಗಿಡ್ಡ ದೇಹ, ಬೂದು ಕೋಟು, ಕಾಲಿಗೆ ಬಟ್ಟೆಯ ಬೂಟು, ಕೈಯಲ್ಲಿ ಅಂಗೈಯಗಲದ ಒಂದು ಪುಸ್ತಕ. ಯಾವ ಶಾಲೆ, ಏನು ಪಾಠ ಎಂದು ಯಾರಾದರೂ ಕೇಳಬಹುದಾದ ಪ್ರಶ್ನೆಯನ್ನು ನಿಯೂ ಕೇಳಲಿಲ್ಲ. ಕೇಳಲು ಅವನ ಮಾತಿನಲ್ಲಿ ಬಿಡುವಿರಬೇಕಿತ್ತಲ್ಲ. ಲೆಕ್ಕದ ಟೀಚರ್ ಇರಬೇಕು ಎಂದು ತಾನೇ ತೀರ್ಮಾನಿಸಿ, ಹೇಳುವುದನ್ನೆಲ್ಲ ಅಂಕಿಗಳಲ್ಲಿ ಹೇಳತೊಡಗಿದ. ಆ ಬೆಟ್ಟದ ಎತ್ತರ, ಈ ಸೇತುವೆಯ ಕಂಬಗಳು, ಒಬ್ಬ ಶಾನ್‌ಶಿ ಮನುಷ್ಯ ಜೀವಮಾನದಲ್ಲಿ ಕುಡಿಯುವ ವಿನೆಗರ್. ನಡುವಿನ ಗುಡಿಗೆ ತಾನು ಕಡಿಮೆಯೆಂದರೆ ನೂರು ಸಲ ಬಂದಿರುವುದಾಗಿಯೂ, ಅದರ ತೊಲೆಗಳಿಗೆಲ್ಲ ತನ್ನ ಗುರುತು ಹತ್ತಿರುವುದಾಗಿಯೂ ಹೇಳಿದ. ಸತ್ಯ ಏನೆಂದರೆ ಹೆದ್ದಾರಿಯಲ್ಲಿ ಹೋಗುವಾಗ ಆ ಗುಡಿಯ ಸೂರು ಅವನಿಗೆ ಎರಡು ಸಲ ಕಂಡಿತ್ತು, ಅದರಲ್ಲಿ ಒಂದು ಸಲ ಮಂಜಿತ್ತು.

ಟೀಚರ್ ಪ್ರತಿಯೊಂದಕ್ಕೂ "ಹೌದಾ" ಎನ್ನುತ್ತಿದ್ದರು. ಆಗಾಗ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಇಷ್ಟು ಶ್ರದ್ಧೆಯ ಅತಿಥಿ ತನಗೆ ಸಿಕ್ಕಿಯೇ ಇರಲಿಲ್ಲ ಎಂದು ನಿಯೂ ಹಿಗ್ಗಿದ.

ಗುಡಿ ಇರುವುದು ಒಂದು ಕೊರಕಲಿನ ದಿಬ್ಬದ ಮೇಲೆ. ಈ ಕಡೆಗೆ ಮಾ ಊರು, ಆ ಕಡೆಗೆ ಬಾಯ್ ಊರು. ಮಾ ಊರಿನಲ್ಲಿ ಎಲ್ಲರೂ ಮಾ ಮನೆತನದವರು, ಬಾಯ್ ಊರಿನಲ್ಲಿ ಎಲ್ಲರೂ ಬಾಯ್ ಮನೆತನದವರು. ಎರಡು ಊರಿನ ನಡುವೆ ಇರುವುದರಿಂದ ನಡುವಿನ ಗುಡಿ. ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿದರೆ, ಬಾಗಿಲಿಗೆ ಎರಡು ಬೀಗ. ಎಡಗಂಬದ ಮೇಲೆ ಸುಣ್ಣದಲ್ಲಿ ಒಂದು ಫೋನ್ ನಂಬರು, ಬಲಗಂಬದ ಮೇಲೆ ಇದ್ದಿಲಿನಲ್ಲಿ ಇನ್ನೊಂದು.

"ಎರಡು ಬೀಗ ಯಾಕೆ, ನಿಯೂ ಅವರೇ?" ಎಂದರು ಟೀಚರ್.

ನೂರು ಸಲ ಬಂದವನು ಇದಕ್ಕೆ ತಡವರಿಸುವ ಹಾಗಿಲ್ಲ. ಒಂದು ಯಿನ್, ಒಂದು ಯಾಂಗ್, ಹೆಣ್ಣಂಶಕ್ಕೊಂದು, ಗಂಡಂಶಕ್ಕೊಂದು ಎಂದ ನಿಯೂ.

"ಹೌದಾ," ಎಂದು ಟೀಚರ್ ಬರೆದುಕೊಂಡರು.

ಎಡಗಂಬದ ನಂಬರಿಗೆ ಫೋನು ಮಾಡಿದ್ದಕ್ಕೆ ಮಾ ಅಜ್ಜಿ ಬಂದಳು. ಎಪ್ಪತ್ತೈದರ ಮೇಲಿನ ಗಟ್ಟಿ ಹೆಂಗಸು, ಮೊಣಕೈವರೆಗೆ ಹಿಟ್ಟು, ಕುತ್ತಿಗೆಗೆ ದಾರದಲ್ಲಿ ಬೀಗದ ಕೈ. ತನ್ನ ಬೀಗ ತೆಗೆದು ಪಕ್ಕಕ್ಕೆ ನಿಂತಳು. ಇನ್ನೊಂದು ಬೀಗವನ್ನೂ ತೆಗೆಯಬಹುದೇ ಎಂದು ನಿಯೂ ಕೇಳಿದ.

"ಯಾವ ಬೀಗ ಮಗಾ? ಅಲ್ಲಿ ನಂಗೆ ಯಾವ ಬೀಗಾನೂ ಕಾಣ್ಸಲ್ಲ."

ಬಲಗಂಬದ ನಂಬರಿಗೆ ಫೋನು ಮಾಡಿದ ಮೇಲೆ ಕೊರಕಲಿನ ಆಚೆ ದಡದಿಂದ ಒಂದು ಚುಕ್ಕೆ ಹೊರಟಿತು. ಅದು ಇಳಿದು, ಹತ್ತಿ, ಮನುಷ್ಯನಾಗಿ ಮೆಟ್ಟಿಲ ಬಳಿ ಬರುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಬಾಯ್ ತಾತ ಎಂಬ ಆ ಒಣಕಲು ಮುದುಕ ಅಜ್ಜಿಯ ಕಡೆ ತಿರುಗದೆ ನಿಯೂ ಜೊತೆ ಮಾತಾಡಿದ. ತಾನು ಬೀಗ ತೆಗೆದ ಮೇಲೆ ಆ ಕಡೆಯವರು ಮೊದಲು ನುಗ್ಗಬಾರದೆಂದು ಹೇಳಿಬಿಡಬೇಕಂತೆ. ಅಜ್ಜಿ ಮೂರು ಮಾರು ದೂರದಲ್ಲೇ ನಿಂತಿದ್ದಳು, ಆದರೂ ನಿಯೂ ಅವಳಿಗೆ ಹೇಳಿದ. ನುಗ್ಗುವ ದರ್ದು ತಮ್ಮ ಊರಿನವರಿಗೆ ಇಲ್ಲವೆಂದು ಆ ಕಡೆಯವರಿಗೆ ತಿಳಿಸಬೇಕೆಂದಳು ಅಜ್ಜಿ. ನಿಯೂ ತಿಳಿಸಿದ. ಯಾಕೆ ಹೀಗೆ ಎಂದು ಕೇಳಲು ಅವನ ನಾಲಗೆ ತುದಿಗೆ ಬಂದಿತ್ತು. ಆದರೆ ನೂರು ಸಲ ಬಂದವನು ಹಾಗೆಲ್ಲ ಕೇಳುವುದುಂಟೆ?

ನಿಯೂ ಕೇಳದೆ ಬಿಟ್ಟದ್ದನ್ನು ನಾವು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಆ ಗುಡಿಯ ಒಳಗೆ ದೊಡ್ಡ ಮಂಟಪದ ಮೇಲೆ ಎರಡು ಅಕ್ಷರದ ಒಂದು ಹಲಗೆ ತೂಗುಹಾಕಿದೆ. ಅದು ಅರವತ್ತು ವರ್ಷ ಕಾಣೆಯಾಗಿತ್ತು. ಹಳೆಯ ಸ್ಕೂಲಿನ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಹಂಡೆಯ ಮುಚ್ಚಳವಾಗಿ ಮಗುಚಿ ಬಿದ್ದಿದ್ದು, ಕಳೆದ ವರ್ಷದ ವಸಂತದಲ್ಲಿ ಯಾರೋ ತಿರುಗಿಸಿ ನೋಡಿದ್ದರಿಂದ ಪತ್ತೆಯಾಯಿತು. ಎದುರಿಗೆ ನಿಂತರೆ ಎಡಗಡೆಯ ಅಕ್ಷರ ‘ಮಾ’. ಮಾ ಎಂದರೆ ಕುದುರೆ, ಮಾ ಎಂಬುದು ಮನೆತನದ ಹೆಸರೂ ಹೌದು. ಬಲಗಡೆಯ ಅಕ್ಷರ ‘ಬಾಯ್’. ಬಾಯ್ ಎಂದರೆ ಬಿಳಿ, ಅದೂ ಮನೆತನದ ಹೆಸರು. ಈಗಿನ ಅಂಗಡಿ ಬೋರ್ಡುಗಳನ್ನು ಓದುವಂತೆ ಎಡದಿಂದ ಓದಿದರೆ ಮಾ ಬಾಯ್, ಎಂದರೆ ಮಾ ಮನೆತನದ ಬಾಯ್ ಎಂಬ ಮಹನೀಯ. ಹಳೆಯ ಕಾಲದವರು ಬರೆಯುತ್ತಿದ್ದಂತೆ ಬಲದಿಂದ ಓದಿದರೆ ಬಾಯ್ ಮಾ, ಬಾಯ್ ಮನೆತನದ ಮಾ ಎಂಬ ಮಹನೀಯ. ಮೊದಲನೆಯವನು ಮಾ ಊರಿನ ಮೂಲಪುರುಷ ಎಂದು ಮಾ ಊರು, ಎರಡನೆಯವನು ಬಾಯ್ ಊರಿನ ಮೂಲಪುರುಷ ಎಂದು ಬಾಯ್ ಊರು. ಬಲದಿಂದ ಓದಿದರೆ ಸುಮ್ಮನೆ ‘ಬಿಳಿ ಕುದುರೆ’ ಎಂದೂ ಆಗಬಹುದೆನ್ನುವುದು ಎರಡೂ ಊರಿಗೆ ಹೊಳೆದಿರಲಿಲ್ಲ, ಅಥವಾ ಹೊಳೆದವರು ಬಾಯಿ ಬಿಟ್ಟಿರಲಿಲ್ಲ. ತಳ್ಳಾಟವಾಗಿ, ಅಂಗಿ ಹರಿದು, ಕಡೆಗೆ ಊರಿಗೊಂದು ಬೀಗ ಬಿತ್ತು. ಗುಡಿಯ ಅಂಗಳದೊಳಗೆ ಆ ಹಲಗೆಯನ್ನು ಯಾರೂ ಗಟ್ಟಿಯಾಗಿ ಓದತಕ್ಕದ್ದಲ್ಲ ಎಂದು ಒಪ್ಪಂದವಾಯಿತು. ಒಂದೂವರೆ ವರ್ಷ ಯಾರೂ ಓದಿರಲಿಲ್ಲ.

ಬಾಗಿಲು ತೆರೆಯಿತು. ಕಲ್ಲುಹಾಸಿನ ಅಂಗಳ, ಎದುರಿಗೆ ಒಂಬೈನೂರು ವರ್ಷದ ಮರದ ಮಂಟಪ, ಹಿಂದಕ್ಕೆ ತಿರುಗಿದರೆ ಬಾಗಿಲ ಮೇಲೆಯೇ ನಾಟಕದ ರಂಗಕಟ್ಟೆ. ತೊಲೆಗಳ ತುದಿಯಲ್ಲಿ ಗುಬ್ಬಿಗಳು. ಟೀಚರ್ ಅಂಗಳದಲ್ಲಿ ಒಂದು ಸುತ್ತು ಬಂದರು. ಆಮೇಲೆ ಹಲಗೆಯ ಕಡೆ ಕತ್ತೆತ್ತಿ, ಇದು ಯಾರ ಗುಡಿ ಎಂದು ಕೇಳಿದರು.

ಮೂರಕ್ಷರ ಹೇಳಿ ಮುಗಿಸಬಹುದಾಗಿದ್ದ ಜಾಗ ಅದು. ನಿಯೂ ತಲೆ ಎತ್ತಿದ. ಕಣ್ಣು ಅಭ್ಯಾಸಬಲದಿಂದ ಎಡದಿಂದ ಬಲಕ್ಕೆ ಹೊರಳಿತು. ಹತ್ತು ವರ್ಷ ಮೈಕಿನಲ್ಲಿ ಪಳಗಿದ ದನಿ ಅಂಗಳದ ನಾಲ್ಕು ಮೂಲೆಗೂ ಮುಟ್ಟುವಂತೆ ಹೊರಟಿತು.

"ಮಾ ಬಾಯ್."

ಗುಬ್ಬಿಗಳು ಹಾರಿಹೋದವು. ಅಜ್ಜಿ ಹಿಟ್ಟಿನ ಕೈಯನ್ನು ಕಿವಿಗೆ ಹಿಡಿದು ಹತ್ತಿರ ಬಂದಳು.

"ಇನ್ನೊಂದ್ಸಲ ಹೇಳು ಮಗಾ. ಈ ಕಿವಿ ಸ್ವಲ್ಪ ಮಂದ."

ಕೇಳುಗರ ಇಂಥ ತನ್ಮಯತೆಯನ್ನು ನಿಯೂ ತನ್ನ ವೃತ್ತಿಜೀವನದಲ್ಲಿ ಕಂಡಿರಲಿಲ್ಲ. ಎರಡನೆಯ ಸಲ ಹೇಳುವಾಗ, ಬರೀ ಹೆಸರು ಬೋಳುಬೋಳಾಗಿ ಕಂಡಿದ್ದರಿಂದ, ಮುಂದೆ ‘ಸೇನಾಪತಿ’ ಎಂದು ಸೇರಿಸಿದ.

ಬಾಯ್ ತಾತ ಜೇಬಿನಿಂದ ತನ್ನ ಬೀಗ ತೆಗೆದ, ಅದನ್ನು ನೋಡಿದ, ಮತ್ತೆ ಜೇಬಿಗೆ ಹಾಕಿದ. ಹೋಗಿ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಗುಡಿಯ ಹೊಸ್ತಿಲ ಮೇಲೆ ಕೂರುವುದು ಎರಡೂ ಊರಿನಲ್ಲಿ ಅಪಚಾರ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಅಲ್ಲಿ ಕುಳಿತ.

ಅಜ್ಜಿ ಫೋನಿನಲ್ಲಿ ಎರಡೇ ಮಾತು ಆಡಿದಳು. ಕಾಲು ಗಂಟೆಯಲ್ಲಿ ಮಾ ಊರಿನ ಕಂಬದ ಧ್ವನಿವರ್ಧಕ ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. ಊರಿನ ಮುಖ್ಯಸ್ಥ ಮಾ ದೇಫಾ, ಪಟ್ಟಣದಿಂದ ಬಂದ ತಜ್ಞರು ಹಲಗೆ ಓದಿ ತೀರ್ಪು ಕೊಟ್ಟಿದ್ದಾರೆ, ಎಲ್ಲರೂ ಬರತಕ್ಕದ್ದು ಎಂದು ಸಾರಿದ. ಐದು ನಿಮಿಷ ಬಿಟ್ಟು ಅದೇ ಪ್ರಕಟಣೆ ಮತ್ತೊಮ್ಮೆ ಬಂದಾಗ ತಜ್ಞರು ಪ್ರಾಂತ್ಯದ ರಾಜಧಾನಿಯಿಂದ ಬಂದಿದ್ದರು. ಮೂರನೆಯ ಸಲಕ್ಕೆ ಬೀಜಿಂಗ್ ತಲುಪಿದರು. ತಜ್ಞರು ಯಾರಿರಬಹುದೆಂದು ನಿಯೂ ಸುತ್ತ ನೋಡಿದ. ಬೇರೆ ಯಾರೂ ಇರಲಿಲ್ಲ.

ಆ ಕ್ಷಣಕ್ಕೆ ಅವನಿಗೆ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಜೀವನ ಕೊನೆಗೂ ತನ್ನ ಯೋಗ್ಯತೆ ಗುರುತಿಸಿತೆಂದು ಕೋಟಿನ ಗುಂಡಿ ಹಾಕಿಕೊಂಡ.

ಜನ ಬಂದರು. ಬಾಯ್ ತಾತ ಹೊಸ್ತಿಲಿನಿಂದ ಏಳಲಿಲ್ಲವಾದ್ದರಿಂದ ಒಬ್ಬೊಬ್ಬರಾಗಿ ಅವನನ್ನು ದಾಟಿಕೊಂಡು ಬಂದರು. ಮುದುಕಿಯರನ್ನು ಎತ್ತಿ ದಾಟಿಸಿದರು. ಮಾ ದೇಫಾ ಎರಡೂ ಕೈಯಿಂದ ನಿಯೂನ ಕೈ ಹಿಡಿದು ಬಿಡಲೇ ಇಲ್ಲ. ಸೇನಾಪತಿ ಯಾವ ಕಾಲದವರೆಂದು ಕೇಳಿದ್ದಕ್ಕೆ ನಿಯೂ ಗುಡಿಯ ಕಾಲದವರೇ ಎಂದ. ಇಷ್ಟರಲ್ಲಿ ನಿಲ್ಲಿಸಬಹುದಿತ್ತು. ಆದರೆ ಎಷ್ಟು ಮಕ್ಕಳೆಂದು ಹಿಂದಿನಿಂದ ಯಾರೋ ಕೇಳಿದರು, ಏಳು ಎಂದುಬಿಟ್ಟ. ಮಾ ಊರಿನಲ್ಲಿ ಏಳು ಓಣಿಗಳಿದ್ದವು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯುದ್ಧದಲ್ಲಿ ಗಾಯವಾಗಿತ್ತೇ ಎಂದರೆ ಎಡ ಭುಜಕ್ಕೆ ಬಾಣ ನೆಟ್ಟಿತ್ತೆಂದ. ಒಬ್ಬ ದಪ್ಪನೆಯ ರೈತ ಗುಂಪು ಸೀಳಿಕೊಂಡು ಮುಂದೆ ಬಂದು, ಹುಟ್ಟಿದಾಗಿನಿಂದ ತನ್ನ ಎಡ ಭುಜ ಚಳಿಗಾಲದಲ್ಲಿ ನೋಯುತ್ತದೆ, ಅದಕ್ಕೂ ಮುಂಚೆ ತನ್ನಪ್ಪನದು ನೋಯುತ್ತಿತ್ತು ಎಂದು ಅಂಗಿ ಜಾರಿಸಿ ತೋರಿಸಿದ. ಎಲ್ಲರೂ ಮುಟ್ಟಿ ನೋಡಿದರು.

ಟೀಚರ್ ರಂಗಕಟ್ಟೆಯ ನೆರಳಿನಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದರು.

ಮಧ್ಯಾಹ್ನ ಅಂಗಳಕ್ಕೇ ಊಟ ಬಂತು. ಹಿಟ್ಟಿನ ಮುದ್ದೆಯಿಂದ ಚಾಕುವಿನಲ್ಲಿ ಹೆರೆದು ಬೇಯಿಸಿದ ನೂಡಲ್ಸಿನ ಹಂಡೆಯನ್ನು ನಾಲ್ಕು ಜನ ಬಾಯ್ ತಾತನ ತಲೆಯ ಮೇಲಿನಿಂದ ಹಾಯಿಸಿ ಒಳಗೆ ತಂದರು. ಅವನಿಗೊಂದು ಬಟ್ಟಲು ಕೊಡುವುದು ತಮಗೇನೂ ಹೊರೆಯಲ್ಲವೆಂದು ಅಜ್ಜಿ ಆ ಕಡೆಯವರಿಗೆ ಹೇಳಿಕಳಿಸಿದಳು. ಹೊಟ್ಟೆಗೂ ಹಲಗೆಗೂ ಸಂಬಂಧವಿಲ್ಲ ಎಂಬ ಷರತ್ತಿನ ಮೇಲೆ ಅವನು ತೆಗೆದುಕೊಂಡ. ವಿನೆಗರ್ ಇನ್ನಷ್ಟು ಬೇಕೆಂದು ಹೇಳಿಕಳಿಸಿದ. ಎಲ್ಲವೂ ನಿಯೂ ಮೂಲಕವೇ ಹೋಗಿ ಬಂದಿತು.

ತನ್ನ ಬಟ್ಟಲು ಹಿಡಿದು ಮಂಟಪದ ಮೆಟ್ಟಿಲಲ್ಲಿ ಕುಳಿತ ಮೇಲೆ ನಿಯೂ ಮೊದಲ ಸಲ ಎದುರಿನ ರಂಗಕಟ್ಟೆಯನ್ನು ಸರಿಯಾಗಿ ನೋಡಿದ. ಅಲ್ಲೂ ಒಂದು ಹಲಗೆ ಇತ್ತು, ನಾಲ್ಕು ಅಕ್ಷರದ್ದು. ಎಡದಿಂದ ಓದಿದರೆ ತಲೆಬುಡ ಇಲ್ಲ. ಬಲತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದ ವರ್ಷ, ಎಡತುದಿಯಲ್ಲಿ ಬರೆದವನ ಹೆಸರು. ವರ್ಷ ಮೊದಲು, ಹೆಸರು ಕೊನೆಗೆ. ಹಳೆಯ ಹಲಗೆ ಬಲದಿಂದ ಶುರುವಾಗುತ್ತದೆ. ಇದು ಶಾನ್‌ಶಿಯ ಯಾವ ಕ್ಷೌರಿಕನಿಗೂ ಗೊತ್ತು. ಮೂರನೆಯ ತರಗತಿಯಿಂದ ನಿಯೂಗೂ ಗೊತ್ತಿತ್ತು. ಅವನು ಬಾಯಲ್ಲಿದ್ದ ನೂಡಲ್ಸನ್ನು ಅಗಿಯುವುದು ನಿಲ್ಲಿಸಿ, ನಿಧಾನವಾಗಿ ಹಿಂದಕ್ಕೆ ತಿರುಗಿ, ತಲೆಯ ಮೇಲಿನ ಹಲಗೆಯನ್ನು ಬಲದಿಂದ ಎಡಕ್ಕೆ ಓದಿದ. ಬಿಳಿ. ಕುದುರೆ.

ಸೇನಾಪತಿ ಆ ಕ್ಷಣವೇ ತೀರಿಕೊಂಡರು. ಏಳು ಜನ ಮಕ್ಕಳು ಮಾತ್ರ ಅಂಗಳದ ತುಂಬ ಕುಳಿತು ಊಟ ಮಾಡುತ್ತಿದ್ದರು.

ಹೇಗಾದರೂ ಈ ಬಟ್ಟಲು ಮುಗಿಸಿ ಟೀಚರನ್ನು ಕಾರಿಗೆ ಹತ್ತಿಸಿಬಿಟ್ಟರೆ ಸಾಕೆಂದು ಅವನು ಲೆಕ್ಕ ಹಾಕಿದ. ಲೆಕ್ಕದ ಟೀಚರಿಗೆ ಹಲಗೆಯ ವಿದ್ಯೆ ಎಲ್ಲಿಂದ ಬರಬೇಕು? ಹಳ್ಳಿಯವರು ಸಂತೋಷವಾಗಿದ್ದಾರೆ, ಕಾಗದ ಚೆನ್ನಾಗೇ ಬರುತ್ತದೆ. ಅಷ್ಟರಲ್ಲಿ ಮಾ ದೇಫಾ ಟೀಚರಿಗೆ ಎರಡನೆಯ ಬಟ್ಟಲು ಬಡಿಸುತ್ತ, ಬೆಳಗಿನಿಂದ ನಿಯೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಸಲೀಸಾಗಿ ಕೇಳಿದ.

"ಟೀಚರ್, ತಾವು ಸ್ಕೂಲಲ್ಲಿ ಏನು ಹೇಳ್ಕೊಡ್ತಿದ್ರಿ?"

"ಕುಂಚದ ಬರವಣಿಗೆ," ಎಂದರು ಟೀಚರ್. "ಮೂವತ್ತೆಂಟು ವರ್ಷ. ಹಳೇ ಹಲಗೆ ನೋಡೋದು ಅಂದ್ರೆ ನನಗೆ ಹುಚ್ಚು."

ನಿಯೂ ಕೈಯ ಬಟ್ಟಲನ್ನು ಕೆಳಗಿಟ್ಟ. ಮಡಿಲಲ್ಲಿ ತೆರೆದಿದ್ದ ಅವರ ಪುಸ್ತಕ ಈಗ ಅವನಿಗೆ ಕಾಣುತ್ತಿತ್ತು. ಪುಟದ ನಡುವೆ ಆ ಎರಡು ಅಕ್ಷರಗಳ ಅಚ್ಚುಕಟ್ಟಾದ ನಕಲು, ಕೆಳಗೆ ಬಲದಿಂದ ಎಡಕ್ಕೆ ಒಂದು ಸಣ್ಣ ಬಾಣದ ಗುರುತು, ಅದರ ಕೆಳಗೆ ಒಂದು ಪಟ್ಟಿ. ಪಟ್ಟಿಯ ಮೊದಲಲ್ಲಿ ವಿನೆಗರ್ ಇತ್ತು. ಕೊನೆಯಲ್ಲಿ ಭುಜ ಇತ್ತು.

ಮಾ ದೇಫಾಗೆ ಇದು ಸ್ವರ್ಗವೇ ಕೈಗೆ ಬಂದಂತಾಯಿತು. ಒಂದೇ ದಿನ ತಜ್ಞರೂ ಕುಂಚದ ಟೀಚರೂ ಒದಗುವುದು ಸೇನಾಪತಿಯ ಸಂಕಲ್ಪವಲ್ಲದೆ ಮತ್ತೇನು ಎಂದ. ಹೊರಬಾಗಿಲಿಗೆ ಒಂದು ಹೊಸ ಹಲಗೆ ಬೇಕು, ಅದೇ ಎರಡು ಅಕ್ಷರ, ಜೊತೆಗೆ ಇವತ್ತಿನ ತಾರೀಖು, ಟೀಚರ ಹೆಸರು, ಮುಂದೆ ಯಾರೂ ತಿರುಗಿಸಿ ಓದುವಂತಿರಬಾರದು. ಯಾರದೋ ಮನೆಯಿಂದ ಹೊಸದಾಗಿ ಹೆರೆದ ಹಲಗೆ ಬಂತು. ಹೊಸ ವರ್ಷದ ಹಾರೈಕೆ ಬರೆಯುವ ದಪ್ಪ ಕುಂಚ ಬಂತು, ಮಸಿ ಬಂತು. ಊಟದ ಮೇಜಿನ ಮೇಲಿನ ಬಟ್ಟಲುಗಳನ್ನು ಸರಿಸಿ ಹಲಗೆ ಮಲಗಿಸಿದರು. ಇಡೀ ಅಂಗಳ ಸುತ್ತ ನಿಂತಿತು. ಹೊಸ್ತಿಲ ಮೇಲೆ ಬಾಯ್ ತಾತ ಒಬ್ಬನೇ ಕುಳಿತಿದ್ದ.

ಟೀಚರ್ ಕೋಟಿನ ತೋಳು ಮಡಚಿ, ಕುಂಚ ಅದ್ದಿ, ಅಂಚಿಗೆ ಒರೆಸಿ, ಹಲಗೆಯ ಮೇಲೆ ಕೈ ತಂದು ನಿಲ್ಲಿಸಿದರು.

"ನಿಯೂ ಅವರೇ, ನಿಮ್ಮನ್ನೇ ಕೇಳ್ತೀನಿ. ಯಾವ ಕಡೆಯಿಂದ ಶುರು ಮಾಡ್ಲಿ?"

ಕುಂಚದ ತುದಿಯಲ್ಲಿ ಮಸಿಯ ಹನಿ ದಪ್ಪಗಾಗುತ್ತಿತ್ತು. ಎಡ ಎಂದರೆ ಮಾ ಊರಿನಲ್ಲಿ ಜೀವಮಾನವಿಡೀ ಊಟ, ಆದರೆ ಟೀಚರ ಪಟ್ಟಿಗೆ ಇನ್ನೊಂದು ಸಾಲು, ಸೋಮವಾರ ಬಾವುಟ. ಬಲ ಎಂದರೆ, ಟೀಚರೆದುರು ಬೆಳಗಿನಿಂದ ಹೇಳಿದ್ದೆಲ್ಲ ಸುಳ್ಳೆಂದು ತಾನೇ ಸಹಿ ಹಾಕಿದಂತೆ, ಆಗಲೂ ಸೋಮವಾರ ಬಾವುಟ. ಎರಡೂ ದಾರಿ ಬಾವುಟಕ್ಕೇ ಹೋಗುತ್ತಿದ್ದವು. ಹೀಗಿರುವಾಗ ಹತ್ತಿರದ ದಾರಿ ಹಿಡಿಯುವುದು ಮೇಲೆಂದು ನಿಯೂಗೆ ಅನ್ನಿಸಿತು.

"ಬಲದಿಂದ," ಎಂದ. "ನಾನು ತಪ್ಪು ಓದಿದೆ ಟೀಚರ್. ಹಳೇ ಹಲಗೇನ ಬಲದಿಂದ ಓದ್ಬೇಕು. ಬಿಳಿ ಕುದುರೆ ಅಂತಿದೆ ಅಲ್ಲಿ. ಸೇನಾಪತೀನೂ ಇಲ್ಲ, ಏಳು ಮಕ್ಕಳೂ ಇಲ್ಲ. ನಾನು ಈ ಗುಡಿಗೆ ಬಂದಿದ್ದೇ ಇವತ್ತು. ಇದು ಯಾರ ಗುಡೀನೋ ನಂಗೆ ಗೊತ್ತಿಲ್ಲ."

ಹದಿನೆಂಟು ವರ್ಷದ ವೃತ್ತಿಯಲ್ಲಿ ಆ ಮೂರಕ್ಷರ ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಇಂಥ ಮಾತಿನ ನಂತರ ಬೀಳುವ ಏಟಿಗೆ ಅವನು ಕಣ್ಣು ಮುಚ್ಚಿ ಕಾದ.

ಏಟು ಬೀಳಲಿಲ್ಲ. ಮಾ ದೇಫಾ ಅವನ ಬೆನ್ನು ತಟ್ಟಿ ನಕ್ಕ. ದೊಡ್ಡ ವಿದ್ವಾಂಸರು ಹೀಗೇ, ತಮಗೇನೂ ಗೊತ್ತಿಲ್ಲ ಎನ್ನುತ್ತಾರೆ, ಅಲ್ಪರಾಗಿದ್ದರೆ ಎಲ್ಲ ಗೊತ್ತು ಅನ್ನುತ್ತಿದ್ದರು ಎಂದು ಜನರಿಗೆ ವಿವರಿಸಿದ. ಜನ ತಲೆದೂಗಿದರು. ನಿಯೂ ಇನ್ನೊಮ್ಮೆ, ಬಿಡಿಸಿ ಬಿಡಿಸಿ, ತಾನು ಸೇನಾಪತಿಯನ್ನು ಹುಟ್ಟಿಸಿದ್ದು ಇವತ್ತು ಬೆಳಗ್ಗೆ ಹತ್ತು ಗಂಟೆಗೆ ಎಂದ. ಅವನ ವಿನಯಕ್ಕೆ ಇಬ್ಬರು ಹೆಂಗಸರ ಕಣ್ಣಲ್ಲಿ ನೀರು ಬಂತು. ಎಡ ಭುಜದ ರೈತ ಮಾತ್ರ ನೊಂದುಕೊಂಡ.

"ಹಂಗಾದ್ರೆ ನನ್ ಭುಜ ಸುಳ್ಳು ಹೇಳುತ್ತಾ ತಜ್ಞರೇ?"

ಇದಕ್ಕೆ ಉತ್ತರ ಕೊಡುವ ಮುನ್ನ ಹೊಸ್ತಿಲಿನಿಂದ ಬಾಯ್ ತಾತ ಎದ್ದ. ಎದ್ದು, ಪ್ಯಾಂಟಿನ ಧೂಳು ಕೊಡವಿ, ಮೇಜಿನ ಬಳಿಗೆ ಬಂದ.

"ಬಲದಿಂದ ಅಂದ್ರಿ."

ಹೌದೆಂದ ನಿಯೂ.

"ಎಲ್ರೂ ಕೇಳಿಸ್ಕೊಂಡ್ರಲ್ಲ. ಬೀಜಿಂಗ್ ತಜ್ಞರು ಅಂತ ಮೈಕಲ್ಲಿ ಕೂಗಿದ್ದು ನೀವೇ. ಬಲದಿಂದ. ಬಾಯ್ ಮಾ. ನಮ್ಮ ಮೂಲಪುರುಷ."

"ಕುದುರೆ ತಾತ," ಎಂದ ನಿಯೂ, ಅಳುವ ದನಿಯಲ್ಲಿ. "ಮನುಷ್ಯ ಅಲ್ಲ. ಬಿಳಿ ಕುದುರೆ."

"ಕುದುರೆಗೆ ಯಾರಾದ್ರೂ ಗುಡಿ ಕಟ್ತಾರಾ?"

ಈ ಪ್ರಶ್ನೆಯನ್ನು ಬಾಯ್ ತಾತನೂ ಮಾ ಅಜ್ಜಿಯೂ ಒಂದೇ ಉಸಿರಿನಲ್ಲಿ ಕೇಳಿದರು. ಒಂದೂವರೆ ವರ್ಷದಲ್ಲಿ ಎರಡೂ ಊರು ಒಮ್ಮತಕ್ಕೆ ಬಂದ ಮೊದಲ ವಿಷಯ ಅದು. ಇಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡಿದರು. ನೋಡಿದ ಮೇಲೆ ನಿಯೂ ಮೂಲಕ ಮಾತಾಡುವುದನ್ನು ಮರೆತುಬಿಟ್ಟರು.

"ಕಟ್ಟಿದ್ರೂ ಅಂದ್ಕೋ," ಎಂದಳು ಅಜ್ಜಿ, "ಮಾ ಅಂದ್ರೇನೇ ಕುದುರೆ. ಕುದುರೆ ಗುಡಿ ಆದ್ರೂ ನಮ್ದೇ ಆಯ್ತಲ್ಲಪ್ಪ."

"ಬಿಳೀದು ಅಂತ ಬರ್ದಿದೆ. ಬಿಳಿ ಅಂದ್ರೆ ಬಾಯ್. ಕಪ್ಪು ಕುದುರೆ ಇದ್ರೆ ಇಟ್ಕೊಳ್ಳಿ, ನಾವು ಬೇಡ ಅಂದ್ವಾ?"

"ನಿಮ್ಮೂರಲ್ಲಿ ಒಂದು ಕತ್ತೆ ಆದ್ರೂ ಕಟ್ಟಿದ್ರಾ ಯಾವತ್ತಾದ್ರೂ?"

"ಮೂವತ್ತೆಂಟು ವರ್ಷದ ಕೆಳಗೆ ನಿಮ್ಮಣ್ಣ ಎರವಲು ತಗೊಂಡ್ಹೋದ ಕತ್ತೆ ಯಾವೂರ್ದು?"

ಹೀಗೆ ಸಾಗಿತು. ಮಾ ದೇಫಾ ನಡುವೆ ಹೋದ, ಎರಡೂ ಕಡೆಯಿಂದ ಬೈಸಿಕೊಂಡು ಹಿಂದೆ ಬಂದ. ಕತ್ತೆಯಿಂದ ಬಾವಿಗೆ, ಬಾವಿಯಿಂದ ಕೂಡಿಬರದ ಒಂದು ಮದುವೆಗೆ ಮಾತು ಹೊರಳಿತು. ಇಬ್ಬರಿಗೂ ಇಷ್ಟು ದಿನ ಮಾತಾಡಲು ಎಷ್ಟೊಂದು ಬಾಕಿ ಇತ್ತೆಂದು ಜನ ಬೆರಗಾಗಿ ಕೇಳುತ್ತ ನಿಂತರು. ಆಚೆ ದಡದಿಂದಲೂ ಹತ್ತಾರು ಚುಕ್ಕೆಗಳು ಹೊರಟಿದ್ದವು.

ಈ ಗದ್ದಲದಲ್ಲಿ ಟೀಚರ್ ಬರೆದು ಮುಗಿಸಿಬಿಟ್ಟಿದ್ದರು. ಹಲಗೆಯ ಮೇಲೆ ಎರಡು ಅಕ್ಷರ, ಎಡಕ್ಕೆ ಮಾ, ಬಲಕ್ಕೆ ಬಾಯ್, ಒಂದೇ ಎತ್ತರ, ಒಂದೇ ತೂಕ. ಮಸಿ ಹಸಿಯಾಗಿ ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಜಗಳ ತಾನಾಗಿ ನಿಂತಿತು. ತಾರೀಖು ಎಲ್ಲಿ, ತಮ್ಮ ಹೆಸರೆಲ್ಲಿ ಎಂದು ಮಾ ದೇಫಾ ಕೇಳಿದ. ಕೈ ಸೋತಿತು ಎಂದು ಟೀಚರ್ ಕುಂಚ ತೊಳೆಯಲು ಹೋದರು.

ಮಾ ಊರಿನವರು ಎಡಬದಿಯಲ್ಲಿ ನಿಂತು ಓದಿ ತೃಪ್ತರಾದರು. ಆಗತಾನೆ ಏದುಸಿರು ಬಿಡುತ್ತ ಬಂದ ಬಾಯ್ ಊರಿನವರು ಬಲಬದಿಯಲ್ಲಿ ನಿಂತು ಓದಿ ತೃಪ್ತರಾದರು. ಏಣಿಯ ಈ ಕಾಲನ್ನು ಇವರು, ಆ ಕಾಲನ್ನು ಅವರು ಹಿಡಿದು ಹಲಗೆಯನ್ನು ಹೊರಬಾಗಿಲಿಗೆ ಏರಿಸಿದರು. ಯಾರ ಕಡೆಗೂ ವಾಲಬಾರದೆಂದು ನೀರು ತುಂಬಿದ ಬಟ್ಟಲನ್ನು ಅದರ ಮೇಲಿಟ್ಟು ಮಟ್ಟ ನೋಡಿದರು.

ಹಿಂತಿರುಗುವಾಗ ನಿಯೂ ಬೆಟ್ಟದ ಎತ್ತರ ಹೇಳಲಿಲ್ಲ, ಸೇತುವೆಯ ಕಂಬ ಹೇಳಲಿಲ್ಲ. ಟೀಚರ್ ನೆಮ್ಮದಿಯಾಗಿ ನಿದ್ದೆ ಮಾಡಿದರು. ಹೋಟೆಲಿನ ಮುಂದೆ ಇಳಿಯುವಾಗ ಮಡಚಿದ ಕಾಗದ ಕೊಟ್ಟು, ಇದನ್ನು ಕಚೇರಿಗೆ ಮುಟ್ಟಿಸಿ ಎಂದರು. ಅವನು ದಾರಿಯಲ್ಲಿ ಬಿಚ್ಚಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ ಎಂದು ಅವನೇ ಆಮೇಲೆ ಒಪ್ಪಿಕೊಂಡ, ಒಪ್ಪಿಕೊಳ್ಳುವುದು ಈಗ ಸ್ವಲ್ಪ ರೂಢಿಯಾಗಿತ್ತು.

ಮ್ಯಾನೇಜರ್ ಗೆಂಗ್ ಆ ಕಾಗದವನ್ನು ಮೂರು ಸಲ ಓದಿದಳು. ಅದರಲ್ಲಿ ಹೀಗಿತ್ತು: ‘ಗೈಡ್ ಬೆಳಗಿನಿಂದ ಹೇಳಿದ್ದೆಲ್ಲ ತಪ್ಪು, ಅದನ್ನು ಎಲ್ಲರೂ ನಂಬಿದರು. ಮಧ್ಯಾಹ್ನ ಒಂದು ಸರಿಯಾದ ಮಾತು ಹೇಳಿದರು, ಅದನ್ನು ಯಾರೂ ನಂಬಲಿಲ್ಲ. ಮುಂದಿನ ವಾರ ನನ್ನ ತಂಗಿ ಬರುತ್ತಾಳೆ, ಇವರನ್ನೇ ಕಳುಹಿಸಿ.’ ಇದು ದೂರೋ ಹೊಗಳಿಕೆಯೋ ಅವಳಿಗೆ ಇತ್ಯರ್ಥವಾಗಲಿಲ್ಲ. ಇತ್ಯರ್ಥವಾಗದ ಕಾಗದಗಳ ಕಡತದಲ್ಲಿ ಅದನ್ನು ಇಟ್ಟಳು. ಸೋಮವಾರ ಬಾವುಟವನ್ನು ಬೇರೊಬ್ಬನ ಕೈಗೆ ಕೊಟ್ಟಳು.

ಬಾಗಿಲಿನ ಎರಡು ಬೀಗಗಳನ್ನು ಎರಡೂ ಊರಿನವರು ಒಟ್ಟಿಗೇ ತೆಗೆದುಹಾಕಿದರು, ಏಕೆಂದರೆ ಮೂಲಪುರುಷನ ಗುಡಿಗೆ ಬೀಗ ಹಾಕುವುದು ಚೆಂದವಲ್ಲ. ಆರು ಜಿಲ್ಲೆಗಳ ಮಾ ಮನೆತನದವರು ಸಂಸಾರ ಸಮೇತ ಬಸ್ಸು ಮಾಡಿಕೊಂಡು ಬರತೊಡಗಿದರು. ಅದನ್ನು ಕೇಳಿ ಒಂಬತ್ತು ಜಿಲ್ಲೆಗಳ ಬಾಯ್ ಮನೆತನದವರೂ ಹೊರಟರು. ಅಜ್ಜಿಯೂ ತಾತನೂ ಮೆಟ್ಟಿಲ ಎರಡು ಬದಿಗೆ ಸ್ಟೂಲು ಹಾಕಿಕೊಂಡು, ಬಂದವರಿಗೆ ಸೇನಾಪತಿಯ ಏಳು ಮಕ್ಕಳ ಕಥೆಯನ್ನು ತಮ್ಮ ತಮ್ಮ ಪಾಠದ ಪ್ರಕಾರ ಹೇಳುತ್ತಾರೆ.

ಜನರಿಲ್ಲದ ಜಾಗಗಳ ಪಟ್ಟಿಯಿಂದ ಕಚೇರಿಯವರು ನಡುವಿನ ಗುಡಿಯನ್ನು ಕಳೆದ ತಿಂಗಳು ತೆಗೆದುಹಾಕಿದರು.